ಮುಟ್ಟಲ್ಲದ ದಿನದ ಕಲೆ

ಮೊದಲ ಸಲ ಕಂಡದ್ದು ಏಪ್ರಿಲ್ ತಿಂಗಳ ಒಂದು ಬುಧವಾರ ಬೆಳಿಗ್ಗೆ. ಮುಟ್ಟು ಮುಗಿದು ಹನ್ನೊಂದು ದಿನವಾಗಿತ್ತು. ಒಳ ಉಡುಪಿನ ಮೇಲೆ ಎಂಟಾಣೆ ಅಗಲದ ಒಂದು ಕಲೆ. ಕೆಂಪೂ ಅಲ್ಲ, ತುಕ್ಕಿನ ಬಣ್ಣ. ಬಿಸಿಲಲ್ಲಿ ಓಡಾಡಿದ್ದಕ್ಕೆ ಉಷ್ಣ ಆಗಿರಬೇಕು ಎಂದುಕೊಂಡೆ. ನಮ್ಮ ಕಡೆ ಹೆಂಗಸಿನ ಮೈಗೆ ಏನೇ ಆದರೂ ಮೊದಲು ಅನುಮಾನ ಪಡುವುದು ಉಷ್ಣದ ಮೇಲೆಯೇ. ಎರಡು ಎಳನೀರು ಕುಡಿದೆ. ಎರಡು ದಿನಕ್ಕೆ ನಿಂತಿತು. ಎಳನೀರೇ ನಿಲ್ಲಿಸಿತೆಂದು ನಂಬಿದೆ.

ಆಗ ನನಗೆ ಮೂವತ್ತೈದು. ಊರು ದಾವಣಗೆರೆ. ಎಂ.ಎ. ಓದಲು ದೆಹಲಿಗೆ ಬಂದವಳು ನಾಲ್ಕು ಸಲ ಸಿವಿಲ್ ಸರ್ವೀಸ್ ಪರೀಕ್ಷೆ ಬರೆದು, ನಾಲ್ಕು ಸಲವೂ ಸೋತು, ಕೊನೆಗೆ ಅದೇ ಪರೀಕ್ಷೆಗೆ ಕೂರುವ ಮಕ್ಕಳಿಗೆ ಭೂಗೋಳ ಕಲಿಸುವವಳಾದೆ. ಲಕ್ಷ್ಮೀ ನಗರದ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಕೆಲಸ, ಅಲ್ಲೇ ಎರಡು ಗಲ್ಲಿ ಆಚೆ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆ ಆಗಿಲ್ಲ. ಅಕ್ಕ ಗೀತಾ, ಭಾವ ಮತ್ತು ಅವರ ಒಂಬತ್ತು ವರ್ಷದ ಮಗಳು ಇಶಾ ಗ್ರೇಟರ್ ನೋಯ್ಡಾದಲ್ಲಿದ್ದಾರೆ. ಅಪ್ಪ ಇಲ್ಲ. ಅಮ್ಮ ದಾವಣಗೆರೆಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ.

ಮುಂದಿನ ತಿಂಗಳು ಕಲೆ ಮೂರು ದಿನ ಕಂಡಿತು. ಅದರ ಮುಂದಿನ ತಿಂಗಳು ಒಂದು ವಾರ. ನೋವಿರಲಿಲ್ಲ, ಅದೇ ಮೋಸ. ನೋವಿದ್ದಿದ್ದರೆ ಯಾರಿಗಾದರೂ ಹೇಳುತ್ತಿದ್ದೆನೇನೋ. ನೋವಿಲ್ಲದ ರಕ್ತವನ್ನು ಯಾರ ಮುಂದೆ ಹೇಗೆ ಹೇಳುವುದು? ನಾನು ಮಾಡಿದ್ದು ಇಷ್ಟೇ: ತಿಳಿ ಬಣ್ಣದ ಕುರ್ತಾಗಳನ್ನೆಲ್ಲ ಮಡಚಿ ಮೇಲಿನ ಶೆಲ್ಫಿಗೆ ಸೇರಿಸಿದೆ. ತಿಂಗಳಿಡೀ ಪ್ಯಾಡ್ ಹಾಕಿಕೊಳ್ಳಲು ಶುರು ಮಾಡಿದೆ. ಎಲ್ಲೇ ಕೂತರೂ ಏಳುವಾಗ ಕುರ್ಚಿಯ ಕಡೆ ಒಮ್ಮೆ ನೋಡುವುದು ಅಭ್ಯಾಸವಾಯಿತು. ಫೋನಿನಲ್ಲಿ ಹುಡುಕಿದರೆ ಟೆನ್ಶನ್‌ನಿಂದ ಹಿಡಿದು ಕ್ಯಾನ್ಸರ್‌ವರೆಗೆ ಎಲ್ಲವೂ ಒಂದೇ ಪುಟದಲ್ಲಿ ಇರುತ್ತಿತ್ತು. ಟೆನ್ಶನ್ ಅನ್ನೋ ಪದ ಸಿಕ್ಕ ಕೂಡಲೇ ಓದುವುದು ನಿಲ್ಲಿಸುತ್ತಿದ್ದೆ.

ಜುಲೈನಲ್ಲಿ ಧೈರ್ಯ ಮಾಡಿ ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಹೆಂಗಸೇ. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ, "ಮದುವೆ ಆಗಿದೆಯಾ?" ಎಂದು ಹಿಂದಿಯಲ್ಲಿ ಕೇಳಿದರು.

"ಇಲ್ಲ."

ಅವರ ಪೆನ್ನು ನಿಂತಿತು. "ಹಾಗಾದರೆ ಒಳಗಿನ ಪರೀಕ್ಷೆ ಬೇಡ. ಈ ವಯಸ್ಸಿಗೆ ಹಾರ್ಮೋನು ಹೀಗೆಯೇ ಹೆಚ್ಚು ಕಡಿಮೆ ಆಗುತ್ತೆ. ಟೆನ್ಶನ್ ಮಾಡ್ಕೋಬೇಡಿ. ಮದುವೆ ಆದರೆ ಎಲ್ಲ ಸರಿ ಹೋಗುತ್ತೆ." ಇಪ್ಪತ್ತೊಂದು ದಿನದ ಮಾತ್ರೆ ಬರೆದುಕೊಟ್ಟರು.

ಈಗ ಈ ಮಾತು ಹೇಳಿದರೆ ಕೇಳಿದವರಿಗೆ ಸಿಟ್ಟು ಬರುತ್ತದೆ. ಸತ್ಯ ಹೇಳಬೇಕೆಂದರೆ ಅವತ್ತು ನನಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಅವರು ಪರೀಕ್ಷೆ ಮಾಡಲಿಲ್ಲವಲ್ಲ, ಹಾಗಾಗಿ ಏನೂ ಇರಲಾರದು ಎಂದು ನನ್ನ ತರ್ಕ. ಹೊರಗೆ ಬಂದು ಅದೇ ಖುಷಿಯಲ್ಲಿ ಒಂದು ಪ್ಲೇಟ್ ಚೋಲೆ ಭಟೂರೆ ತಿಂದೆ. ಮಾತ್ರೆ ನುಂಗುತ್ತಿದ್ದಷ್ಟು ದಿನ ಕಲೆ ನಿಂತಿತ್ತು. ಮಾತ್ರೆ ಮುಗಿದ ಹನ್ನೆರಡನೇ ದಿನ ವಾಪಸು ಬಂತು. ಈ ಸಲ ಕಂದು ಬಣ್ಣವಿರಲಿಲ್ಲ, ಕೆಂಪಾಗಿಯೇ ಇತ್ತು.

ನವೆಂಬರಿನಲ್ಲಿ ತರಗತಿಯಲ್ಲಿ ಅದು ನಡೆಯಿತು. ನೂರನಲವತ್ತು ಮಕ್ಕಳ ಹಾಲ್. ನಾನು ಬೋರ್ಡಿನ ಮೇಲೆ ಗಂಗೆಯ ಉಪನದಿಗಳನ್ನು ಎಳೆಯುತ್ತಿದ್ದೆ, ಅಂದರೆ ಮಕ್ಕಳಿಗೆ ಬೆನ್ನು ಮಾಡಿ ನಿಂತಿದ್ದೆ. ಕೋಸಿ ನದಿ ಬರೆಯುವಾಗ ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿದಂತಾಯಿತು. ಕೈ ನಿಂತಿತು. ತಿರುಗುವ ಹಾಗಿಲ್ಲ, ತಿರುಗದೆ ಇರುವ ಹಾಗೂ ಇಲ್ಲ. ಹಿಂದೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಬಿಹಾರದ ಹುಡುಗಿಯೊಬ್ಬಳು ಎದ್ದು ಬಂದು ತನ್ನ ಶಾಲನ್ನು ನನ್ನ ಸೊಂಟದ ಸುತ್ತ ಹೊದಿಸಿ, ತರಗತಿಯ ಕಡೆ ತಿರುಗಿ ಜೋರಾಗಿ, "ಮ್ಯಾಮ್ ಕೋ ಚಕ್ಕರ್ ಆ ರಹಾ ಹೈ, ಪಾನಿ ಲಾವೋ" ಎಂದಳು. ಮೇಡಂಗೆ ತಲೆ ಸುತ್ತುತ್ತಿದೆ, ನೀರು ತನ್ನಿ ಎಂದು. ನೂರನಲವತ್ತು ಜನ ನೀರಿನ ಬಾಟಲಿ ಹುಡುಕುವ ಗದ್ದಲದಲ್ಲಿ ಅವಳು ನನ್ನನ್ನು ಪಕ್ಕದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದಳು. ಸ್ಟಾಫ್ ರೂಮಿನ ಬಚ್ಚಲ ಹೊರಗೆ ಅರ್ಧ ಗಂಟೆ ಕಾದಳು. ಏನೂ ಕೇಳಲಿಲ್ಲ. ಹೊರಡುವಾಗ ಮಾತ್ರ, "ಮ್ಯಾಮ್, ಡಾಕ್ಟರಿಗೆ ತೋರಿಸಿದ್ದೀರಾ?" ಎಂದಳು. ತೋರಿಸಿದ್ದೀನಿ ಎಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಅವತ್ತು ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ.

"ಎಷ್ಟು ದಿನದಿಂದ?" ಎಂದಳು.

"ಏಪ್ರಿಲ್‌ನಿಂದ."

"ನಾನು ಸತ್ತಿದ್ದೀನಿ ಅಂದ್ಕೊಂಡಿದ್ಯಾ ನೀನು?" ಎಂದು ಅತ್ತಳು. ಅಕ್ಕ ಸಿಟ್ಟಿಗೆ ಅಳುವವಳು.

ಮೊದಲು ಒಂದು ಸ್ಕ್ಯಾನ್ ಸೆಂಟರಿಗೆ ಹೋದೆವು. ಕಾಯುವ ಹಾಲಿನಲ್ಲಿ ಇಪ್ಪತ್ತು ಜನ ಗರ್ಭಿಣಿಯರು, ಅವರ ಗಂಡಂದಿರು, ಅತ್ತೆಯರು. ಕೌಂಟರಿನ ಹೆಂಗಸು ಅಲ್ಲಿಂದಲೇ ಕೂಗಿದಳು: "ಶೈಲಜಾ! ಅನ್‌ಮ್ಯಾರೀಡ್ ಹೈ ನಾ? ತೋ ಊಪರ್ ಸೇ ಹೀ ಹೋಗಾ. ಖೂಬ್ ಪಾನಿ ಪಿಯೋ." ಮದುವೆಯಾಗದವರಿಗೆ ಹೊಟ್ಟೆಯ ಮೇಲಿನಿಂದಷ್ಟೇ ಸ್ಕ್ಯಾನ್, ಚೆನ್ನಾಗಿ ನೀರು ಕುಡಿ ಎಂಬುದು ಅದರ ಅರ್ಥ. ಇಡೀ ಹಾಲ್ ನನ್ನ ಕಡೆ ನೋಡಿತು. ಅತ್ತೆಯಂತಿದ್ದ ಒಬ್ಬರು ಸೊಸೆಯನ್ನು ತಮ್ಮ ಕಡೆಗೆ ಸ್ವಲ್ಪ ಸರಿಸಿಕೊಂಡರು. ನಾನು ಒಂದೂವರೆ ಲೀಟರ್ ನೀರು ಕುಡಿದು ತೊಡೆ ಬಿಗಿಹಿಡಿದು ಎರಡು ಗಂಟೆ ಕೂತೆ. ರಿಪೋರ್ಟಿನಲ್ಲಿ 'ಒಳಪದರ ದಪ್ಪವಾಗಿ ಕಾಣುತ್ತದೆ, ಸ್ಪಷ್ಟವಾಗಿಲ್ಲ' ಎಂದಿತ್ತು.

ಅದನ್ನು ಹಿಡಿದು ಡಿಸೆಂಬರಿನಲ್ಲಿ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದೆವು. ಮಂಜಿನಲ್ಲಿ ಬೆಳಿಗ್ಗೆ ಆರೂವರೆಗೆ ಸಾಲು. ಮುಂದೆ ನಿಂತಿದ್ದವರ ಬೆನ್ನು ಮಾತ್ರ ಕಾಣುತ್ತಿತ್ತು. ಹೆಂಗಸರೆಲ್ಲ ಶಾಲಿನೊಳಗೆ ಫೈಲುಗಳನ್ನು ಕೂಸಿನ ಹಾಗೆ ಅವುಚಿಕೊಂಡಿದ್ದರು. ನನ್ನ ಹಿಂದಿದ್ದ ಬುಲಂದ್‌ಶಹರದ ಒಬ್ಬ ಅಜ್ಜಿ, ಚೀಟಿ ಮಾಡಿಸುವ ಕಿಟಕಿ ಯಾವುದು, ಒಳಗೆ ಯಾವ ಬೆಂಚಿನಲ್ಲಿ ಕೂತರೆ ನಮ್ಮ ನಂಬರ್ ಕೂಗಿದ್ದು ಕೇಳುತ್ತದೆ ಎಂದೆಲ್ಲ ಕೇಳದೆಯೇ ಹೇಳಿಕೊಟ್ಟಳು. ಅವಳಿಗೇನಾಗಿದೆ ಎಂದು ಕೇಳಿದೆ. "ಅದೇ, ಎಲ್ಲರಿಗೂ ಆಗೋದೇ," ಎಂದು ನಕ್ಕಳು.

ಡಾಕ್ಟರ್ ಐವತ್ತೈದು ದಾಟಿದ ಹೆಂಗಸು. ತಲೆ ಪೂರ್ತಿ ಬೆಳ್ಳಗೆ. ನನ್ನ ಮಾತು ಮುಗಿಯುವವರೆಗೆ ಅಡ್ಡ ಬಾಯಿ ಹಾಕಲಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಐದು ನಿಮಿಷ ಹೊರಗಿರಿ" ಎಂದರು. ಅಕ್ಕ ಹೋದ ಮೇಲೆ ದನಿ ತಗ್ಗಿಸಿ ಹಿಂದಿಯಲ್ಲೇ ಹೇಳಿದರು: "ಮದುವೆ ಆಗಿದೆಯಾ ಅಂತ ನಾನು ಕೇಳ್ತಿಲ್ಲ ಬೇಟಾ. ಯಾರ ಜೊತೆಗಾದರೂ ಸಂಬಂಧ ಇತ್ತಾ? ಪರೀಕ್ಷೆ ಹೇಗೆ ಮಾಡಬೇಕು ಅಂತ ತಿಳಿಯೋದಕ್ಕಷ್ಟೇ. ಬೇಡ ಅಂದರೆ ಬೇರೆ ದಾರಿ ಹುಡುಕೋಣ."

ಇತ್ತು. ಮೂರು ವರ್ಷ ಇತ್ತು, ಮುಗಿದೂ ಎರಡು ವರ್ಷವಾಗಿತ್ತು. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅಪರಿಚಿತ ಡಾಕ್ಟರಿಗೆ ಹೇಳಿದೆ. ಅವರು ಮುಖದಲ್ಲಿ ಏನನ್ನೂ ತೋರಿಸದೆ ತಲೆಯಾಡಿಸಿ, ಪರದೆಯ ಹಿಂದಿನ ಮಂಚ ತೋರಿಸಿದರು. ಪರೀಕ್ಷೆಯಲ್ಲಿ ನೋವಾಯಿತು. ಆದರೆ ಪ್ರತಿ ಹೆಜ್ಜೆಗೂ "ಈಗ ತಣ್ಣಗೆ ಅನಿಸುತ್ತೆ", "ಈಗ ಸ್ವಲ್ಪ ಒತ್ತುತ್ತೆ" ಎಂದು ಮೊದಲೇ ಹೇಳುತ್ತಿದ್ದರು. ನನ್ನ ದೇಹದ ಬಗ್ಗೆ ನನಗೆ ಮೊದಲೇ ಸುದ್ದಿ ಕೊಟ್ಟವರು ಅವರೊಬ್ಬರೇ.

ವಾಪಸು ಬರುವಾಗ ಅಕ್ಕ ಕಾರು ಓಡಿಸುತ್ತಿದ್ದಳು. "ನನ್ನ ಯಾಕೆ ಹೊರಗೆ ಕಳಿಸಿದ್ರು?" ಎಂದಳು. ನಾನು ಕಿಟಕಿಯ ಕಡೆ ನೋಡಿದೆ. ಕಾರು ಯಮುನೆ ದಾಟಿತು. ಆಮೇಲೆ ಅವಳೇ, "ಅಚ್ಛಾ, ಹೇಳಬೇಡ ಬಿಡು. ನಾನೇನು ದಡ್ಡಿಯಲ್ಲ" ಎಂದಳು. ಅಷ್ಟೇ. ಇವತ್ತಿನವರೆಗೂ ಆ ಮಾತು ಎತ್ತಿಲ್ಲ.

ಜನವರಿಯಲ್ಲಿ ಬಯಾಪ್ಸಿ. ಗರ್ಭಕೋಶದೊಳಗೆ ಕ್ಯಾಮೆರಾ ಇಳಿಸಿ ಒಳಪದರದ ಚೂರು ತೆಗೆಯುವುದು. ಒಪ್ಪಿಗೆಯ ಕಾಗದ ತುಂಬುತ್ತಿದ್ದ ನರ್ಸ್, "ಹಸ್ಬೆಂಡ್ ಕಾ ನಾಮ್?" ಎಂದು ಕೇಳಿ, ನನ್ನ ಮುಖ ನೋಡಿ, ಫಾರ್ಮಿನಲ್ಲಿದ್ದ ಆ ಸಾಲಿನ ಮೇಲೆಯೇ ಪೆನ್ನಿಟ್ಟುಕೊಂಡು ನಿಂತಳು. ಅಕ್ಕ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಆ ಪದ ಹೊಡೆದುಹಾಕಿ, ಪಕ್ಕದಲ್ಲಿ ತನ್ನ ಹೆಸರು ಬರೆದಳು. ಅರಿವಳಿಕೆಯಿಂದ ಎದ್ದಾಗ ಅವಳ ಜೊತೆ ಇಶಾನೂ ಇದ್ದಳು, ಸ್ಕೂಲ್ ಯೂನಿಫಾರ್ಮಿನಲ್ಲೇ. "ಚಿಕ್ಕಮ್ಮ, ಪೇಟ್ ಮೇ ದರ್ದ್ ಹೈ? ನೋವಾ?" ಎಂದು ನನ್ನ ಹೊಟ್ಟೆ ಮುಟ್ಟಲು ಬಂದು, ಮುಟ್ಟಬಹುದೋ ಇಲ್ಲವೋ ತಿಳಿಯದೆ ಹಾಸಿಗೆಯ ಅಂಚನ್ನು ಸವರಿದಳು.

ರಿಪೋರ್ಟಿಗೆ ಒಂಬತ್ತು ದಿನ. ಆ ಒಂಬತ್ತು ದಿನವೂ ಪಾಠ ಮಾಡಿದೆ. ಬರ ಪ್ರದೇಶಗಳು, ಮಣ್ಣಿನ ವಿಧಗಳು. ಪಾಠ ಮಾಡುವಾಗ ಭಯವಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಡಬ್ಬಿ ತೆರೆದ ಕೂಡಲೇ ಬರುತ್ತಿತ್ತು. ಹಾಗಾಗಿ ಊಟ ಬಿಟ್ಟೆ.

ಹತ್ತನೇ ದಿನ ಡಾಕ್ಟರ್ ಕಾಗದವನ್ನು ನಮ್ಮ ಕಡೆಗೆ ತಿರುಗಿಸಿ ಇಟ್ಟರು. "ಕ್ಯಾನ್ಸರ್ ಅಲ್ಲ" ಎಂದರು. ಅಕ್ಕ ಉಸಿರು ಬಿಟ್ಟಳು. ಅವರು ಮುಂದುವರಿಸಿದರು: "ಆದರೆ ಆ ದಾರಿ ಹಿಡಿದು ಹೊರಟಿರೋ ಜೀವಕೋಶಗಳಿವೆ. ಹಾಗೇ ಬಿಟ್ಟರೆ ಅಲ್ಲಿಗೆ ಮುಟ್ಟಬಹುದು." ಎರಡು ದಾರಿ. ಒಂದು, ಗರ್ಭಕೋಶ ತೆಗೆಸುವುದು. ಇನ್ನೊಂದು, ಹಾರ್ಮೋನು ಬಿಡುವ ಪುಟ್ಟ ಸಾಧನವೊಂದನ್ನು ಒಳಗೆ ಕೂರಿಸಿ, ಜೊತೆಗೆ ಮಾತ್ರೆ ಕೊಟ್ಟು, ಮೂರು ತಿಂಗಳಿಗೊಮ್ಮೆ ಮತ್ತೆ ಬಯಾಪ್ಸಿ ಮಾಡಿ ಕಾಯುವುದು. "ಮಕ್ಕಳು ಬೇಕು ಅಂತ ಇದ್ದರೆ ಎರಡನೆಯದು. ಯೋಚಿಸಿ. ಎರಡು ವಾರದಲ್ಲಿ ಹೇಳಿ."

"ತೆಗೆಸಿಬಿಡು," ಎಂದಳು ಅಕ್ಕ ಹೊರಗೆ ಬಂದ ಕೂಡಲೇ. "ಜೀವ ಇದ್ದರೆ ಎಲ್ಲ."

"ನಿನಗೆ ಇಶಾ ಇದ್ದಾಳೆ," ಎಂದೆ. ಅದು ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅವಳ ಮುಖ ಸಪ್ಪಗಾಯಿತು.

ನನಗೆ ಮಗು ಬೇಕೇ? ನಿಜಕ್ಕೂ ಗೊತ್ತಿರಲಿಲ್ಲ. ಮೂವತ್ತೈದು ವರ್ಷ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಮದುವೆ ಯಾವಾಗ ಎಂದು ಕೇಳಿದ್ದರು, ಅದು ಬೇರೆ ಪ್ರಶ್ನೆ. ಎರಡು ವಾರದಲ್ಲಿ ಉತ್ತರ ಹೇಳು ಎಂದರೆ ಎಲ್ಲಿಂದ ತರಲಿ? ಗೊತ್ತಿಲ್ಲ ಎಂಬುದೇ ನನ್ನ ಉತ್ತರ, ಗೊತ್ತಿಲ್ಲದವಳಿಗೆ ಬಾಗಿಲು ಮುಚ್ಚಬೇಡಿ ಎಂದು ಡಾಕ್ಟರಿಗೆ ಹೇಳಿದೆ. ಅವರು ಸಾಧನ ಕೂರಿಸಲು ದಿನ ಕೊಟ್ಟರು.

ಅಮ್ಮನಿಗೆ ಹೇಳಲೇಬೇಕಾಯಿತು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಅವಳು ಮೊದಲು ಹೇಳಿದ ಮಾತು, "ಯಾರಿಗೂ ಹೇಳಬ್ಯಾಡ."

"ಅಮ್ಮ—"

"ಹರಿಹರದವರು ಜಾತಕ ಕೇಳಿದ್ದಾರೆ ಕಣೇ. ಅವರಿಗೆ ಏನಂತ ಹೇಳಲಿ ನಾನು?"

ಫೋನ್ ಇಟ್ಟೆ. ಎರಡು ದಿನ ಅವಳ ಕರೆ ತೆಗೆಯಲಿಲ್ಲ. ಮೂರನೇ ದಿನ ತಮ್ಮ ಮೆಸೇಜ್ ಹಾಕಿದ: ಅಮ್ಮ ರೈಲು ಹತ್ತಿದ್ದಾಳೆ, ಸ್ಟೇಷನ್ನಿಗೆ ಹೋಗು.

ಅವಳು ಬಂದಿಳಿದಾಗ ಕೈಯಲ್ಲಿ ಒಂದು ಚೀಲ ಬಟ್ಟೆ, ಎರಡು ಚೀಲ ಮಂಡಕ್ಕಿ. ದೆಹಲಿಯಲ್ಲಿ ಮಂಡಕ್ಕಿ ಸಿಗುವುದಿಲ್ಲ ಎಂದು ಅವಳಿಗೆ ಯಾರು ಹೇಳಿದ್ದರೋ. ಆಟೋದಲ್ಲಿ ಕೂತ ಮೇಲೆ ನನ್ನ ಕಡೆ ನೋಡದೆಯೇ, "ಹರಿಹರದವರಿಗೆ ಬ್ಯಾಡ ಅಂದೆ," ಎಂದಳು. ನಾನು ಅವಳ ಹೆಗಲಿಗೆ ತಲೆ ಇಟ್ಟೆ. ಟ್ರಾಫಿಕ್ಕಿನಲ್ಲಿ ನಮ್ಮ ಆಟೋ ಬಹಳ ಹೊತ್ತು ನಿಂತಿತ್ತು.

ಸಾಧನ ಕೂರಿಸಿದರು. ಒಳಗೆ ಕೂತ ಮೇಲೆ ಕೆಲವು ತಿಂಗಳು ಹೀಗೇ ಕಲೆ ಕಾಣಬಹುದು, ಗಾಬರಿಯಾಗಬೇಡ ಎಂದಿದ್ದರು. ಇದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ಈಗ ಕಾಣುವ ರಕ್ತ ರೋಗದ್ದೋ ಔಷಧದ್ದೋ ಎಂದು ಗೊತ್ತಾಗುವುದಾದರೂ ಹೇಗೆ? ಮಾತ್ರೆಯಿಂದ ಮೈ ಊದಿಕೊಂಡಿತು. ಕಾರಣವಿಲ್ಲದೆ ಅಳು. ಒಂದು ದಿನ ಹಾಲು ಉಕ್ಕಿತೆಂದು ಅಮ್ಮನ ಮೇಲೆ ಕೂಗಾಡಿದೆ. ಅಮ್ಮ ಒಲೆ ಒರೆಸಿದಳು.

ಅವಳು ಬಂದು ಮೂರು ವಾರವಾಗಿತ್ತು. ಫೆಬ್ರವರಿಯ ಎಳೆ ಬಿಸಿಲಿನಲ್ಲಿ ಟೆರೇಸಿನ ಮೇಲೆ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದೆವು. ಅಮ್ಮ ನಿವೃತ್ತ ಶಾಲಾ ಮೇಡಂ, ಬಟ್ಟೆ ಮಡಚುವುದರಲ್ಲೂ ಪಟ್ಟಿ ಹಾಕಿ ಅಳೆದ ಹಾಗೆ. ಟವೆಲ್ಲಿನ ಅಂಚು ಸರಿ ಮಾಡುತ್ತ ಕೇಳಿದಳು: "ಶೈಲು, ಮುಟ್ಟು ನಿಂತವರಿಗೂ ಹಂಗೆ ಕಾಣಿಸ್ತದಾ?"

"ಯಾರಿಗೆ?"

"ನಮ್ಮ ಬೀದಿಯಾಗೆ ಒಬ್ಬರಿಗೆ. ಸುಮ್ನೆ ಕೇಳಿದೆ."

ನಾನು ಬಟ್ಟೆ ಒಣಹಾಕುವ ತಂತಿಯ ಕಡೆ ನೋಡಿದೆ. ಅದರ ಕೊನೆಯಲ್ಲಿ, ಹರವಿದ್ದ ಅವಳ ಸೀರೆಯ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ ನಾಲ್ಕು ಹಳೆಯ ಹತ್ತಿ ಬಟ್ಟೆಯ ತುಂಡುಗಳು ಒಣಗುತ್ತಿದ್ದವು. ಅರವತ್ತೊಂದರ ಹೆಂಗಸಿಗೆ ಅವುಗಳ ಅಗತ್ಯ ಏನು?

"ಅಮ್ಮ, ಯಾವಾಗಿನಿಂದ?"

ಅವಳು ಟವೆಲ್ಲನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು. "ಗೌರಿ ಹಬ್ಬದಿಂದ."

ಆರು ತಿಂಗಳು. ನಾನು ಇಲ್ಲಿ ತಿಂಗಳಿಡೀ ಪ್ಯಾಡ್ ಹಾಕಿಕೊಂಡು ಓಡಾಡುತ್ತಿದ್ದ ಹೊತ್ತಿನಲ್ಲೇ ಅವಳು ಅಲ್ಲಿ ಹಳೆ ಸೀರೆ ಹರಿದುಕೊಂಡಿದ್ದಳು. ಸಿಟ್ಟು ಬಂತು, ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. "ನನ್ನ ವಿಷಯ ಗೊತ್ತಾದ ಮೇಲಾದರೂ ಹೇಳಬಾರದಿತ್ತಾ?" ಎಂದೆ.

"ನಿನ್ನದೇ ಇಷ್ಟಿದೆ. ಅದರ ಮ್ಯಾಲೆ ನನ್ನದು ಎಲ್ಲಿ ಹೊರಿಸಲಿ?" ಎಂದಳು. ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ಈ ವಯಸ್ಸಿನಾಗೆ ಇದನ್ನ ಸೊಸೆ ಮುಂದೆ ಹೆಂಗೆ ಹೇಳ್ಲಿ, ನಾಚಿಕೆ" ಎಂದಳು.

ಮರುದಿನವೇ ಅದೇ ಸಾಲು, ಅದೇ ಡಾಕ್ಟರ್. ಅಮ್ಮ ಮೂವತ್ತು ವರ್ಷ ದಾವಣಗೆರೆಯ ಮಕ್ಕಳಿಗೆ ಹಿಂದಿ ಕಲಿಸಿದವಳು. ದೆಹಲಿಯ ಆಟೋದವರಿಗೆ ಅರ್ಥವಾಗದಷ್ಟು ಶುದ್ಧ ಹಿಂದಿ ಅವಳದು. ಡಾಕ್ಟರ ಮುಂದೆ ಬೆನ್ನು ನೇರ ಮಾಡಿ ಕೂತು, ಪಾಠ ಒಪ್ಪಿಸುವ ಹಾಗೆ, "ಮಹೋದಯಾ, ಮುಝೇ ಛಹ ಮಾಹ ಸೇ ರಕ್ತಸ್ರಾವ್ ಹೋ ರಹಾ ಹೈ" ಎಂದಳು. ಡಾಕ್ಟರ್ ಮುಗುಳ್ನಕ್ಕರು, ಕೈ ಮುಂದೆ ಚಾಚಿ ಅಮ್ಮನ ಕೈ ಹಿಡಿದರು. "ಬರೋದಕ್ಕೆ ಆರು ತಿಂಗಳು ಯಾಕೆ ತಗೊಂಡ್ರಿ?" ಎಂದರು. ಅಮ್ಮ ಸೆರಗಿನ ಅಂಚು ಸರಿ ಮಾಡಿಕೊಂಡಳು. ಪರದೆಯ ಹಿಂದೆ ಹೋಗುವಾಗ ನನ್ನ ಮಣಿಕಟ್ಟು ಹಿಡಿದವಳು ಮುಗಿಯುವವರೆಗೂ ಬಿಡಲಿಲ್ಲ. ಉಗುರಿನ ಗುರುತು ಎರಡು ದಿನ ಇತ್ತು.

ಅವಳ ರಿಪೋರ್ಟ್ ಬಂದ ದಿನ ಡಾಕ್ಟರ್ 'ಅಲ್ಲ' ಎಂಬ ಪದದಿಂದ ಶುರು ಮಾಡಲಿಲ್ಲ. ಕ್ಯಾನ್ಸರ್. ಆರಂಭದ ಹಂತ, ಗರ್ಭಕೋಶದ ಒಳಗೇ ಇದೆ, ತೆಗೆದರೆ ಅಷ್ಟರಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು ಎಂದರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಲು ಹೊರಟೆ. "ಅರ್ಥ ಆಯ್ತು ನನಗೆ," ಎಂದಳು. ಹೊರಗಿನ ಬೆಂಚಿನ ಮೇಲೆ ಕೂತು ರಿಪೋರ್ಟನ್ನು ಅಂಚು ಸರಿಮಾಡಿ ಮಡಚಿದಳು. "ನೀನು ನನಗೆ ಫೋನ್ ಮಾಡದೇ ಇದ್ದಿದ್ರೆ ನಾನು ಯಾರಿಗೂ ಹೇಳ್ತಿರಲಿಲ್ಲ," ಎಂದಳು. ಯಾರಿಗೂ ಹೇಳಬೇಡ ಎಂದಿದ್ದವಳು ಅವಳೇ. ಅದನ್ನು ನಾನು ನೆನಪಿಸಲಿಲ್ಲ.

ಏಪ್ರಿಲಿನಲ್ಲಿ ಅವಳ ಆಪರೇಷನ್. ನನ್ನ ಮೊದಲ ಮರುಪರೀಕ್ಷೆಯೂ ಅದೇ ತಿಂಗಳು. ಒಂದೇ ಫೈಲಿನ ಚೀಲದಲ್ಲಿ ಇಬ್ಬರ ಕಾಗದಗಳು. ಒಂದು ದಿನ ನನ್ನ ರಿಪೋರ್ಟನ್ನು ಅವಳ ವಾರ್ಡಿನ ನರ್ಸಿಗೆ, ಅವಳ ಔಷಧದ ಚೀಟಿಯನ್ನು ನನ್ನ ಸರದಿಯಲ್ಲಿ ಡಾಕ್ಟರಿಗೆ ಕೊಟ್ಟು ಬೈಸಿಕೊಂಡೆ. ಅಕ್ಕ ಗ್ರೇಟರ್ ನೋಯ್ಡಾದಿಂದ ದಿನಾ ಊಟ ಹೊತ್ತು ತರುತ್ತಿದ್ದಳು. ತಮ್ಮ ರಜೆ ಹಾಕಿ ಬಂದ, ವಾರ್ಡಿನಲ್ಲಿ ಗಂಡಸರನ್ನು ಬಿಡದ ಕಾರಣ ಗೇಟಿನ ಹೊರಗೆ ಕೂತು ನಾಲ್ಕು ದಿನ ಕಾದ. ಅಮ್ಮನಿಗೆ ಮುಂದೆ ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ನನ್ನ ಆ ಸಲದ ಬಯಾಪ್ಸಿಯಲ್ಲಿ ಮಾತ್ರ ಬದಲಾವಣೆ ಇರಲಿಲ್ಲ. ಅಮ್ಮ ನಡೆಯಲು ಕಲಿಯುತ್ತಿದ್ದ ದಿನಗಳಲ್ಲಿ ನಾನು ಇದನ್ನು ಅವಳಿಂದ ಎರಡು ವಾರ ಮುಚ್ಚಿಟ್ಟೆ. ನೋಡಿ, ಎಷ್ಟು ಬೇಗ ಹಳೇ ಚಾಳಿಗೆ ಮರಳಿದೆ.

ಆಮೇಲಿನ ಸಂಗತಿ ಇನ್ನೂ ಮುಗಿದಿಲ್ಲ. ತಾಯಿಗೂ ಮಗಳಿಗೂ ಒಂದೇ ಕಡೆ ತೊಂದರೆ ಎಂದಾದರೆ ಇದು ವಂಶದಲ್ಲಿ ಬಂದಿರಬಹುದು ಎಂದು ಡಾಕ್ಟರ್ ರಕ್ತಪರೀಕ್ಷೆ ಮಾಡಿಸಿದರು. ಅಮ್ಮನಲ್ಲಿ ಆ ದೋಷ ಸಿಕ್ಕಿತು. ನನ್ನಲ್ಲೂ. ಅಕ್ಕ, ತಮ್ಮ ಇಬ್ಬರೂ ಪರೀಕ್ಷೆ ಮಾಡಿಸಬೇಕು ಎಂದರು. ತಮ್ಮ ಮಾಡಿಸಿದ, ಅವನಲ್ಲಿ ಇಲ್ಲ. ಅಕ್ಕ ಮಾಡಿಸಿಲ್ಲ.

"ನನಗೆ ಏನೂ ಆಗಿಲ್ಲ. ಆಗದೇ ಇರೋದನ್ನ ಯಾಕೆ ಹುಡುಕಲಿ?" ಎನ್ನುತ್ತಾಳೆ.

"ಇಶಾಗಾಗಿಯಾದರೂ," ಎಂದೆ ಒಮ್ಮೆ.

"ಇಶಾ ಹೆಸರು ಇದರಲ್ಲಿ ತರಬೇಡ ಶೈಲು." ಸಾಲಿನಲ್ಲಿ ನನ್ನ ಜೊತೆ ನಿಂತವಳು, ನನ್ನ ಕಾಗದದಲ್ಲಿ ಗಂಡ ಎಂಬ ಪದ ಹೊಡೆದುಹಾಕಿದವಳು, ತನ್ನ ಸರದಿಗೆ ನನ್ನ ಹಾಗೇ ಆದಳು. ಏಪ್ರಿಲಿನಿಂದ ನವೆಂಬರಿನವರೆಗೆ ನಾನೇನು ಮಾಡಿದ್ದೆನೋ ಅದನ್ನೇ ಅವಳು ಮಾಡುತ್ತಿದ್ದಾಳೆ. ಅದಕ್ಕೇ ಜಗಳವಾಡಲು ಬಾಯಿ ಬರುವುದಿಲ್ಲ. ತಿಂಗಳಿಗೊಮ್ಮೆ ಕೇಳುತ್ತೇನೆ. ತಿಂಗಳಿಗೊಮ್ಮೆ ಮಾತು ಬದಲಿಸುತ್ತಾಳೆ.

ನನ್ನ ಎರಡನೇ ಬಯಾಪ್ಸಿಯಲ್ಲಿ ಕೆಟ್ಟ ಕೋಶಗಳು ಕಡಿಮೆಯಾಗಿದ್ದವು. ಮೂರನೆಯದರಲ್ಲಿ ಕಾಣಲಿಲ್ಲ, ನಾಲ್ಕನೆಯದರಲ್ಲೂ ಇಲ್ಲ. ಈಗ ಆರು ತಿಂಗಳಿಗೊಮ್ಮೆ. ವಂಶದ ವಿಷಯ ಗೊತ್ತಾದ ಮೇಲೆ ಡಾಕ್ಟರ ಮಾತು ಬಿಗಿಯಾಗಿದೆ: ನಲವತ್ತರೊಳಗೆ ತೀರ್ಮಾನ ಮಾಡು, ಆಮೇಲೆ ಗರ್ಭಕೋಶ ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ನನಗೀಗ ಮೂವತ್ತೇಳು. ಮಗು ಬೇಕೇ ಎಂಬುದಕ್ಕೆ ಇವತ್ತೂ ಉತ್ತರವಿಲ್ಲ. ಕೆಲವು ದಿನ ಬೇಕು ಅನಿಸುತ್ತದೆ, ಅದು ನನ್ನದೇ ಆಸೆಯೋ, ಕೈತಪ್ಪುತ್ತಿದೆ ಎಂಬ ಭಯವೋ ತಿಳಿಯುವುದಿಲ್ಲ. ಈ ಗೊಂದಲದ ಜೊತೆಗೇ ಬದುಕುವುದನ್ನು ಕಲಿತಿದ್ದೇನೆ. ಚೆನ್ನಾಗಿ ಕಲಿತಿದ್ದೇನೆ ಎಂದು ಹೇಳಲಾರೆ.

ಅಮ್ಮ ದಾವಣಗೆರೆಗೆ ಮರಳಿದ ಮೇಲಿನ ಶ್ರಾವಣದಲ್ಲಿ ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆದಿದ್ದರಂತೆ. ಕೂತಿದ್ದ ಹತ್ತು ಹದಿನೈದು ಹೆಂಗಸರಲ್ಲಿ ಯಾರೋ, "ದೆಹಲಿಯಲ್ಲಿ ಇಷ್ಟು ದಿನ ಯಾಕಿದ್ರಿ ಟೀಚರ್?" ಎಂದು ಕೇಳಿದ್ದಾರೆ. ಮಗಳ ಮನೆ, ಊರು ನೋಡಿದೆ ಎಂದು ಹೇಳಿ ಮುಗಿಸಬಹುದಿತ್ತು. ಅಮ್ಮ ಹೇಳಿದಳಂತೆ: "ಮುಟ್ಟು ನಿಂತ ಮ್ಯಾಲೆ ರಕ್ತ ಕಾಣಿಸ್ತು. ಆರು ತಿಂಗಳು ಮುಚ್ಚಿಟ್ಟೆ. ಕ್ಯಾನ್ಸರ್ ಇತ್ತು. ತೆಗೆಸಿದೆ. ನಿಮಗೆ ಯಾರಿಗಾದ್ರೂ ಕಂಡರೆ ನನ್ನ ಹಂಗೆ ದಡ್ಡತನ ಮಾಡಬ್ಯಾಡಿ." ಕೋಸಂಬರಿಯ ತಟ್ಟೆ ಹಿಡಿದಿದ್ದವರೆಲ್ಲ ಹಾಗೇ ಕೂತರಂತೆ. ತಮ್ಮನ ಹೆಂಡತಿಗೆ ಮುಜುಗರದಿಂದ ಎಲ್ಲಿ ನೋಡಬೇಕೋ ತಿಳಿಯಲಿಲ್ಲವಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದ್ದು ತಮ್ಮನ ಹೆಂಡತಿಯೇ. ಹೇಳುತ್ತ ನಕ್ಕಳು ಕೂಡ.

ಅದಾದ ಎರಡು ವಾರಕ್ಕೆ, ಭಾನುವಾರ ಮಧ್ಯಾಹ್ನ, ಗುರುತಿಲ್ಲದ ನಂಬರಿನಿಂದ ನನಗೊಂದು ಕರೆ ಬಂತು. ಹೆಂಗಸಿನ ದನಿ, ನನ್ನ ವಯಸ್ಸಿನವರೇ ಇರಬೇಕು. ಹಿಂದೆ ಟಿವಿಯ ಸದ್ದು, ಯಾರೋ ಮಗುವನ್ನು ಗದರಿಸುತ್ತಿದ್ದರು.

"ಮೇಡಂ, ನಿಮ್ಮ ಅಮ್ಮ ನಂಬರ್ ಕೊಟ್ರು. ದಾವಣಗೆರೆಯಿಂದ ಮಾತಾಡ್ತಿದ್ದೀನಿ. ನನ್ನ ಹೆಸರು..." ಎಂದು ನಿಲ್ಲಿಸಿದರು.

"ಹೆಸರು ಬೇಡ ಬಿಡಿ," ಎಂದೆ. "ಯಾವಾಗಿನಿಂದ ಕಾಣಿಸ್ತಿದೆ? ಅದನ್ನ ಹೇಳಿ."

ಇಟ್ಟುಬಿಡುತ್ತಾರೇನೋ ಎನಿಸಿತು. ಇಟ್ಟರೆ ಮತ್ತೆ ಮಾಡಬೇಕೆ, ಬೇಡವೆ ಎಂದು ಯೋಚಿಸುತ್ತಿದ್ದೆ.

"ಒಂದು ನಿಮಿಷ ಮೇಡಂ," ಎಂದರು. "ಇಟ್ಟುಬಿಡಬೇಡಿ. ಬಾಗಿಲು ಹಾಕಿ ಬರ್ತೀನಿ."

ಬಾಗಿಲು ಮುಚ್ಚಿದ ಸದ್ದಾಯಿತು, ಚಿಲಕ ಹಾಕಿದ್ದೂ ಕೇಳಿಸಿತು. ಟಿವಿ ದೂರವಾಯಿತು. ನಾನು ಕುರ್ಚಿ ಎಳೆದುಕೊಂಡು ಕೂತೆ.